ಬೀಜದಳ, ಕುಲ, ಬಂಧುತ್ವ: ಸಸ್ಯ ವರ್ಗೀಕರಣದ ಆರಂಭ ಮತ್ತು ಜಾನ್ ರೇ

ಹೂ ಬಿಡುವ ಸಸ್ಯಗಳಲ್ಲಿ ಏಕದಳ, ದ್ವಿದಳ ಎಂಬ ಎರಡು ದೊಡ್ಡ ಗುಂಪುಗಳಿವೆ ಎಂದು ಶಾಲೆಯ ವಿಜ್ಞಾನ ಪುಸ್ತಕಗಳು ಒಂದೆರಡು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತವೆ. ರಾಗಿ, ಜೋಳ, ಭತ್ತ, ಬಾಳೆ, ತೆಂಗು ಒಂದು ಕಡೆ; ಅವರೆ, ಬದನೆ, ಹತ್ತಿ, ಮಾವು ಇನ್ನೊಂದು ಕಡೆ. ಓದಿ ರೂಢಿಯಾದವರಿಗೆ ಇದು ಸಲೀಸಾದ ವಿಷಯ. ಆದರೆ ಮೊಣಕಾಲೆತ್ತರದ ರಾಗಿಯನ್ನೂ ಮನೆಯ ಮಾಳಿಗೆಯನ್ನು ಮೀರಿ ನಿಲ್ಲುವ ತೆಂಗನ್ನೂ ಒಂದೇ ಗುಂಪಿಗೆ ಸೇರಿಸಬೇಕೆಂದು ಕಣ್ಣಿಗೆ ತಾನಾಗಿ ತೋಚುವುದಿಲ್ಲ. ಈ ವಿಂಗಡಣೆಯನ್ನು ಸಸ್ಯಶಾಸ್ತ್ರದ ಮುಖ್ಯ ವಿಭಾಗವಾಗಿ ಬಳಕೆಗೆ ತಂದವನು 17ನೆಯ ಶತಮಾನದ ಇಂಗ್ಲೆಂಡಿನ ನಿಸರ್ಗತಜ್ಞ ಜಾನ್ ರೇ. ವರ್ಗೀಕರಣದ ಮಾತು ಬಂದಾಗಲೆಲ್ಲ ನಾವು ಹೇಳುವ ಹೆಸರು ಸ್ವೀಡನ್ನಿನ ಲಿನೇಯಸ್‌ನದು. ಆತ 1707ರಲ್ಲಿ ಹುಟ್ಟುವ ಹೊತ್ತಿಗೆ ರೇ ತೀರಿಕೊಂಡು ಎರಡು ವರ್ಷಗಳಾಗಿದ್ದವು.

ರೇ ರೂಪಿಸಿದ ವರ್ಗೀಕರಣದ ಪಟ್ಟಿಯನ್ನು ಇಂದು ಯಾರೂ ಇಡಿಯಾಗಿ ಬಳಸುವುದಿಲ್ಲ. ಹಾಗಿದ್ದರೂ ಆತನ ಪ್ರಭಾವ ಉಳಿದದ್ದು ಎರಡು ಪ್ರಶ್ನೆಗಳಿಗೆ ಆತ ಕೊಟ್ಟ ಉತ್ತರಗಳಿಂದ. ಎರಡು ಗಿಡಗಳು ಒಂದೇ ಜಾತಿಯವೋ ಬೇರೆ ಬೇರೆಯೋ ಎಂದು ತೀರ್ಮಾನಿಸುವುದು ಹೇಗೆ ಎಂಬುದು ಮೊದಲನೆಯದು. ಹಲವು ಜಾತಿಗಳನ್ನು ಒಂದು ಗುಂಪಿಗೆ ಸೇರಿಸುವಾಗ ಯಾವ ಲಕ್ಷಣಗಳನ್ನು ನಂಬಬೇಕು ಎಂಬುದು ಎರಡನೆಯದು. ಈ ಎರಡರ ಪೈಕಿ ಎರಡನೆಯ ಉತ್ತರಕ್ಕೆ ಬೆಲೆ ಸಿಗಲು ಸುಮಾರು ನೂರು ವರ್ಷ ಹಿಡಿಯಿತು.

ರೇಗೆ ಮೊದಲು ಸಸ್ಯಗಳನ್ನು ಹೇಗೆ ಜೋಡಿಸಲಾಗುತ್ತಿತ್ತು ಎಂಬುದನ್ನು ನೋಡಿದರೆ ಆತನ ಮುಂದಿದ್ದ ತೊಡಕು ಅರ್ಥವಾಗುತ್ತದೆ. ಕ್ರಿಸ್ತಪೂರ್ವ ಕಾಲದ ಗ್ರೀಕ್ ವಿದ್ವಾಂಸ ಥಿಯೊಫ್ರಾಸ್ಟಸ್ ಸಸ್ಯಗಳನ್ನು ಮರ, ಪೊದೆ, ಕಿರುಪೊದೆ, ಮೂಲಿಕೆ ಎಂದು ನಾಲ್ಕಾಗಿ ವಿಂಗಡಿಸಿದ್ದ. ಧಾನ್ಯಗಳು ಮೊಳೆಯುವ ರೀತಿ ಬೇರೆ, ಕಾಳುಗಳು ಮೊಳೆಯುವ ರೀತಿ ಬೇರೆ ಎಂಬುದನ್ನೂ ಆತ ಗಮನಿಸಿದ್ದ. ಆದರೆ ಅದನ್ನು ವಿಂಗಡಣೆಯ ಆಧಾರವಾಗಿ ಬಳಸಿರಲಿಲ್ಲ. 16ನೆಯ ಶತಮಾನದ ಜರ್ಮನಿಯಲ್ಲಿ ಚೆಂದದ ಮರದಚ್ಚಿನ ಚಿತ್ರಗಳಿದ್ದ ಮೂಲಿಕೆಗಳ ಗ್ರಂಥಗಳು ಬಂದವು. ಅವು ಮುಖ್ಯವಾಗಿ ವೈದ್ಯರಿಗೆ, ಔಷಧ ಮಾರುವವರಿಗೆ ಬೇಕಾದ ಪುಸ್ತಕಗಳು. 1542ರಲ್ಲಿ ಪ್ರಕಟವಾದ ಲಿಯೊನ್‌ಹಾರ್ಟ್ ಫುಕ್ಸ್‌ನ ಗ್ರಂಥದಲ್ಲಿ ಗಿಡಗಳನ್ನು ಜೋಡಿಸಿದ್ದು ಅಕ್ಷರಮಾಲೆಯ ಕ್ರಮದಲ್ಲಿ. ಹುಡುಕುವವರಿಗೆ ಇದು ಅನುಕೂಲವೇ. ಆದರೆ ಯಾವ ಗಿಡ ಯಾವುದಕ್ಕೆ ಬಂಧು ಎಂಬುದನ್ನು ಅಕ್ಷರಮಾಲೆ ಹೇಳುವುದಿಲ್ಲ.

1583ರಲ್ಲಿ ಇಟಲಿಯ ಆಂಡ್ರಿಯಾ ಚೆಸಾಲ್ಪಿನೋ ಹಣ್ಣು ಮತ್ತು ಬೀಜಗಳ ರಚನೆಯನ್ನು ಆಧರಿಸಿ ಸಸ್ಯಗಳನ್ನು ಗುಂಪುಗೂಡಿಸಲು ಯತ್ನಿಸಿದ. ಉಪಯೋಗವನ್ನು ಬದಿಗಿಟ್ಟು ಗಿಡದ ದೇಹರಚನೆಯನ್ನೇ ಆಧಾರವಾಗಿಸಿಕೊಂಡ ಮೊದಲ ದೊಡ್ಡ ಪ್ರಯತ್ನ ಅದು. 1623ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಗಾಸ್ಪಾರ್ಡ್ ಬೋಹಿನ್ ಸುಮಾರು 6,000 ಸಸ್ಯಗಳ ಹೆಸರುಗಳನ್ನು ಒಂದೆಡೆ ಕಲೆಹಾಕಿ, ಒಂದೇ ಗಿಡಕ್ಕೆ ಬೇರೆ ಬೇರೆ ಲೇಖಕರು ಕೊಟ್ಟಿದ್ದ ಹೆಸರುಗಳನ್ನು ತಾಳೆ ಹಾಕಿ ಕೊಟ್ಟ. ಅಷ್ಟರಲ್ಲಿ ಅಮೆರಿಕ, ಆಫ್ರಿಕ, ಭಾರತಗಳಿಂದ ಹಡಗಿನಲ್ಲಿ ಬಂದಿಳಿಯುತ್ತಿದ್ದ ಹೊಸ ಬೀಜ, ಗೆಡ್ಡೆ, ಒಣಗಿಸಿದ ಮಾದರಿಗಳ ಸಂಖ್ಯೆ ಏರುತ್ತಲೇ ಇತ್ತು. ತೋಟಗಾರರು ಹೂವಿನ ಬಣ್ಣ ಒಂದಿಷ್ಟು ಬದಲಾದರೂ ಅದಕ್ಕೊಂದು ಹೊಸ ಹೆಸರಿಟ್ಟು ಹೊಸ ಗಿಡವೆಂದೇ ಮಾರುತ್ತಿದ್ದರು. ಪಟ್ಟಿ ಬೆಳೆಯುತ್ತಿತ್ತು, ತಿಳಿವಳಿಕೆ ಅದರ ಜೊತೆಗೇ ಬೆಳೆಯುತ್ತಿರಲಿಲ್ಲ.

ರೇ ಹುಟ್ಟಿದ್ದು 1627ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಬ್ಲ್ಯಾಕ್ ನಾಟ್ಲಿ ಎಂಬ ಹಳ್ಳಿಯಲ್ಲಿ. ತಂದೆ ಕಮ್ಮಾರ. ತಾಯಿಗೆ ಗಿಡಮೂಲಿಕೆಗಳ ತಿಳಿವಳಿಕೆ ಇತ್ತು. ಓದಿನಲ್ಲಿ ಚುರುಕಾಗಿದ್ದ ಹುಡುಗ ಕೇಂಬ್ರಿಡ್ಜಿಗೆ ಹೋಗಿ ಟ್ರಿನಿಟಿ ಕಾಲೇಜಿನ ಅಧ್ಯಾಪಕನಾದ. ಗ್ರೀಕ್, ಗಣಿತ ಮುಂತಾದ ವಿಷಯಗಳನ್ನು ಕಲಿಸಿದ. ಸಸ್ಯಗಳ ಕಡೆ ಆತ ತಿರುಗಿದ್ದು ಕಾಯಿಲೆಯ ನೆಪದಿಂದ. ಮೈಮನಸ್ಸು ದಣಿದು, ಗಂಭೀರವಾದ ಓದನ್ನು ಬಿಟ್ಟು ನಡೆಯುವುದನ್ನೂ ಕುದುರೆ ಸವಾರಿಯನ್ನೂ ರೂಢಿ ಮಾಡಿಕೊಳ್ಳಬೇಕಾಗಿ ಬಂದಾಗ ದಾರಿಬದಿಯ ಗಿಡಗಳು ತನ್ನ ಗಮನ ಸೆಳೆದವೆಂದು ತನ್ನ ಮೊದಲ ಪುಸ್ತಕದ ಮುನ್ನುಡಿಯಲ್ಲಿ ಬರೆದಿದ್ದಾನೆ. ಅವುಗಳ ಬಗ್ಗೆ ಹೇಳಿಕೊಡಬಲ್ಲವರನ್ನು ಇಡೀ ವಿಶ್ವವಿದ್ಯಾಲಯದಲ್ಲಿ ಹುಡುಕಿದರೂ ಒಬ್ಬರೂ ಸಿಗಲಿಲ್ಲವೆಂದೂ ಅಲ್ಲೇ ಹೇಳಿಕೊಂಡಿದ್ದಾನೆ. 1660ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಆ ಪುಸ್ತಕ ಕೇಂಬ್ರಿಡ್ಜ್ ಸುತ್ತಮುತ್ತ ಬೆಳೆಯುವ ಸಸ್ಯಗಳ ಪಟ್ಟಿ. ಅಲ್ಲೂ ಗಿಡಗಳು ಅಕ್ಷರಮಾಲೆಯ ಕ್ರಮದಲ್ಲೇ ಇವೆ. ಆದರೆ ಯಾವ ಗಿಡ ಎಲ್ಲಿ ಬೆಳೆಯುತ್ತದೆ, ಹಿಂದಿನವರು ಅದನ್ನು ಯಾವ ಹೆಸರಿನಿಂದ ಕರೆದಿದ್ದಾರೆ ಎಂಬುದನ್ನು ಕಣ್ಣಾರೆ ಕಂಡು ಖಚಿತ ಮಾಡಿಕೊಂಡು ಬರೆಯುವ ಶಿಸ್ತು ಅಲ್ಲಿಯೇ ಕಾಣುತ್ತದೆ.

ಎರಡು ವರ್ಷಗಳ ನಂತರ ರೇಯ ಬದುಕು ಇನ್ನೊಂದು ದಾರಿ ಹಿಡಿಯಿತು. 1662ರಲ್ಲಿ ಇಂಗ್ಲೆಂಡಿನ ಸರ್ಕಾರ ಧಾರ್ಮಿಕ ಏಕರೂಪತೆಯ ಕಾಯ್ದೆಯನ್ನು ತಂದು, ಅಂತರ್ಯುದ್ಧದ ಕಾಲದಲ್ಲಿ ಜನ ಸ್ವೀಕರಿಸಿದ್ದ ಒಂದು ಪ್ರತಿಜ್ಞೆಗೆ ಯಾರೂ ಬದ್ಧರಲ್ಲವೆಂದು ಅಧ್ಯಾಪಕರೆಲ್ಲ ಘೋಷಿಸಬೇಕೆಂದು ವಿಧಿಸಿತು. ರೇ ಸ್ವತಃ ಆ ಪ್ರತಿಜ್ಞೆ ಮಾಡಿದವನಲ್ಲ. ಆದರೂ ಪ್ರತಿಜ್ಞೆ ಮಾಡಿದವರು ಅದಕ್ಕೆ ಬದ್ಧರಲ್ಲವೆಂದು ಘೋಷಿಸಲು ಆತನ ಮನಸ್ಸು ಒಪ್ಪಲಿಲ್ಲ, ಹುದ್ದೆ ಹೋಯಿತು. ಆಗ ಆತನ ಕೈ ಹಿಡಿದವನು ಶ್ರೀಮಂತ ಮನೆತನದ ಶಿಷ್ಯ ಫ್ರಾನ್ಸಿಸ್ ವಿಲ್ಲಬಿ. ಜಗತ್ತಿನ ಜೀವಿಗಳನ್ನೆಲ್ಲ ವ್ಯವಸ್ಥಿತವಾಗಿ ವಿವರಿಸಬೇಕು, ಪ್ರಾಣಿಗಳು ವಿಲ್ಲಬಿಯ ಪಾಲು, ಸಸ್ಯಗಳು ರೇಯ ಪಾಲು ಎಂದು ಇಬ್ಬರೂ ಹಂಚಿಕೊಂಡರು. 1663ರಿಂದ 1666ರವರೆಗೆ ಹಾಲೆಂಡ್, ಜರ್ಮನಿ, ಇಟಲಿ, ಫ್ರಾನ್ಸ್ ದೇಶಗಳಲ್ಲಿ ಸುತ್ತಾಡಿ ರೇ ಅಲ್ಲಿನ ಸಸ್ಯಗಳನ್ನು ಕಂಡ. ವಿಲ್ಲಬಿ 1672ರಲ್ಲಿ, ಇನ್ನೂ 36ರ ಹರೆಯದಲ್ಲಿ, ತೀರಿಕೊಂಡ. ಸಾಯುವ ಮೊದಲು ಗುರುವಿಗೆ ವರ್ಷಕ್ಕೆ 60 ಪೌಂಡುಗಳ ಜೀವನಾಂಶವನ್ನು ಬರೆದಿಟ್ಟಿದ್ದ. ಬದುಕಿನುದ್ದಕ್ಕೂ ರೇಯ ಬರವಣಿಗೆಗೆ ಆಸರೆಯಾದದ್ದು ಆ ಹಣ. ಋಣ ತೀರಿಸುವಂತೆ ರೇ ತನ್ನ ಗೆಳೆಯನ ಹಕ್ಕಿಗಳ ಗ್ರಂಥವನ್ನೂ ಮೀನುಗಳ ಗ್ರಂಥವನ್ನೂ ಪೂರ್ತಿ ಮಾಡಿ ಪ್ರಕಟಿಸಿದ. 1686ರ ಆ ಮೀನಿನ ಪುಸ್ತಕದ ಚಿತ್ರಗಳಿಗೆ ತಗುಲಿದ ವೆಚ್ಚದಿಂದ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಬೊಕ್ಕಸ ಎಷ್ಟು ಬರಿದಾಯಿತೆಂದರೆ, ಮರುವರ್ಷ ನ್ಯೂಟನ್ನನ ಮಹಾಗ್ರಂಥವನ್ನು ಅಚ್ಚು ಹಾಕಿಸಲು ಅದಕ್ಕೆ ಸಾಧ್ಯವಾಗದೆ ಎಡ್ಮಂಡ್ ಹ್ಯಾಲಿ ತನ್ನ ಕೈಯಿಂದ ದುಡ್ಡು ಹಾಕಬೇಕಾಯಿತು.

ವರ್ಗೀಕರಣದ ಬಗ್ಗೆ ರೇ ಗಟ್ಟಿಯಾಗಿ ಯೋಚಿಸತೊಡಗಿದ್ದು ಒಂದು ಮುಖಭಂಗದ ನಂತರ. ಜಾನ್ ವಿಲ್ಕಿನ್ಸ್ ಎಂಬ ವಿದ್ವಾಂಸ ಎಲ್ಲರಿಗೂ ಅರ್ಥವಾಗುವ ಒಂದು ವಿಶ್ವಭಾಷೆಯನ್ನು ಕಟ್ಟಲು ಹೊರಟಿದ್ದ. ಜಗತ್ತಿನ ವಸ್ತುಗಳನ್ನೆಲ್ಲ ಕೋಷ್ಟಕಗಳಲ್ಲಿ ಜೋಡಿಸಿ, ಕೋಷ್ಟಕದಲ್ಲಿ ಅದಕ್ಕೆ ಸಿಕ್ಕ ಸ್ಥಾನವನ್ನೇ ಅದರ ಹೆಸರಾಗಿಸುವುದು ಆತನ ಯೋಜನೆ. ಸಸ್ಯಗಳ ಕೋಷ್ಟಕವನ್ನು ಮಾಡಿಕೊಡಲು ರೇಯನ್ನು ಕೇಳಿದ. ಆದರೆ ಚೌಕಟ್ಟು ಮೊದಲೇ ತಯಾರಾಗಿತ್ತು: ಮೂಲಿಕೆಗಳನ್ನು ಹೆಚ್ಚುಕಡಿಮೆ ಸಮನಾದ ಮೂರು ಪಾಲು ಮಾಡಬೇಕು, ಪ್ರತಿ ಪಾಲನ್ನು ಒಂಬತ್ತಾಗಿ ಒಡೆಯಬೇಕು, ಒಂದೊಂದು ಒಡಕಿನಲ್ಲಿಯೂ ಗೊತ್ತುಪಡಿಸಿದ ಸಂಖ್ಯೆಯನ್ನು ಮೀರಬಾರದು. ಗಿಡಗಳು ಈ ಲೆಕ್ಕಕ್ಕೆ ಒಗ್ಗುವಂತೆ ಬೆಳೆದಿರಲಿಲ್ಲ. 1668ರಲ್ಲಿ ಆ ಗ್ರಂಥ ಹೊರಬಂತು. ಮುಂದೆ ಆಕ್ಸ್‌ಫರ್ಡ್‌ನ ಸಸ್ಯಶಾಸ್ತ್ರ ಪ್ರಾಧ್ಯಾಪಕನಾದ ರಾಬರ್ಟ್ ಮಾರಿಸನ್ 1669ರಲ್ಲಿ ಹೆಸರೆತ್ತದೆಯೇ ಅದನ್ನು ಹೀಯಾಳಿಸಿ ಬರೆದ. ಪ್ರಕೃತಿ ತೋರಿದ ದಾರಿಯಲ್ಲಿ ಹೋಗಲು ತನಗೆ ಅವಕಾಶವಿರಲಿಲ್ಲ, ಲೇಖಕನ ಚೌಕಟ್ಟಿಗೆ ಸಸ್ಯಗಳನ್ನು ತುರುಕಬೇಕಾಯಿತು, ಅಂಥ ಪದ್ಧತಿ ಹಾಸ್ಯಾಸ್ಪದವಾಗದೆ ಇನ್ನೇನಾದೀತು ಎಂಬ ಅರ್ಥದಲ್ಲಿ ರೇ ಗೆಳೆಯ ಮಾರ್ಟಿನ್ ಲಿಸ್ಟರ್‌ಗೆ ಪತ್ರ ಬರೆದುಕೊಂಡ. ಚೌಕಟ್ಟು ಮೊದಲು, ಗಿಡ ಆಮೇಲೆ ಎಂಬ ಕ್ರಮದಲ್ಲೇ ದೋಷವಿದೆ ಎಂಬುದು ಆತನಿಗೆ ಮನದಟ್ಟಾದದ್ದು ಈ ಪ್ರಸಂಗದಿಂದ ಎಂದೇ ನನಗೆ ತೋರುತ್ತದೆ. ಮುಂದಿನ ಮೂವತ್ತೈದು ವರ್ಷಗಳ ಆತನ ಬರಹಗಳಲ್ಲಿ ಆ ಪಾಠದ ಗುರುತು ಅಳಿಸಿಲ್ಲ.

ಮೊದಲ ಪ್ರಶ್ನೆಗೆ ಬರೋಣ. ಒಂದು ಜಾತಿ ಎಂದರೆ ಯಾವುದು? ಟುಲಿಪ್ ಹೂವಿನ ನೂರಾರು ಬಗೆಗಳನ್ನು ಆ ಕಾಲದ ತೋಟಗಾರರು ಬೆಳೆಸುತ್ತಿದ್ದರು. ಅವೆಲ್ಲ ಬೇರೆ ಬೇರೆ ಜಾತಿಗಳೇ? 1674ರಲ್ಲಿ ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧದಲ್ಲಿ ರೇ, ಗಿಡದ ಗಾತ್ರ, ಹೂವಿನ ಬಣ್ಣ, ಪರಿಮಳ, ಎಲೆಯ ಮೇಲಿನ ಬಿಳಿ-ಹಳದಿ ಮಚ್ಚೆ, ಎಸಳುಗಳು ಹೆಚ್ಚಿ ಸುತ್ತುಸುತ್ತಾಗಿ ಅರಳುವುದು ಇವೆಲ್ಲ ಆಕಸ್ಮಿಕ ವ್ಯತ್ಯಾಸಗಳೆಂದೂ, ಇವನ್ನು ನೋಡಿ ಜಾತಿಯನ್ನು ಬೇರ್ಪಡಿಸಬಾರದೆಂದೂ ವಾದಿಸಿದ. ಮಣ್ಣು, ಗೊಬ್ಬರ, ಹವೆ ಬದಲಾದರೆ ಇವು ಬದಲಾಗುತ್ತವೆ. ಹಾಗಾದರೆ ಬದಲಾಗದ್ದು ಯಾವುದು? 1686ರಲ್ಲಿ ಹೊರಬಂದ ತನ್ನ ಸಸ್ಯಚರಿತ್ರೆಯ ಮೊದಲ ಸಂಪುಟದಲ್ಲಿ ಆತ ಉತ್ತರವನ್ನು ಖಚಿತ ಮಾತಿನಲ್ಲಿ ಇಟ್ಟ. ಬೀಜದಿಂದ ಬೆಳೆದ ಸಂತತಿಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಉಳಿದು ಬರುವ ಲಕ್ಷಣಗಳೇ ಜಾತಿಯ ಗುರುತು. ಒಂದೇ ಗಿಡದ ಬೀಜದಿಂದ ಹುಟ್ಟಿದ ಸಸಿಗಳ ನಡುವೆ ಎಷ್ಟೇ ವ್ಯತ್ಯಾಸ ಕಂಡರೂ ಅವು ಒಂದೇ ಜಾತಿ. ಪ್ರಾಣಿಗಳಿಗೂ ಇದೇ ಮಾತು ಸಲ್ಲುತ್ತದೆ. ಒಂದು ಜಾತಿಯ ಬೀಜದಿಂದ ಇನ್ನೊಂದು ಜಾತಿ ಹುಟ್ಟುವುದಿಲ್ಲ.

ಈ ಮಾತಿನ ಮಹತ್ವ ಎಲ್ಲಿದೆಯೆಂದರೆ, ಜಾತಿಯ ಪ್ರಶ್ನೆಯನ್ನು ಅದು ವಿದ್ವಾಂಸರ ವಾದದಿಂದ ಬಿಡಿಸಿ ಪಾತಿಯ ಮಣ್ಣಿಗೆ ತಂದಿತು. ಕೆಂಪು ಹೂವಿನ ಗಿಡ ಮತ್ತು ಬಿಳಿ ಹೂವಿನ ಗಿಡ ಒಂದೇ ಜಾತಿಯೇ ಎಂಬ ಸಂಶಯ ಬಂದರೆ, ಕೆಂಪು ಹೂವಿನ ಗಿಡದ ಬೀಜವನ್ನು ಬಿತ್ತಿ ನೋಡಬಹುದು. ಮೊಳೆತ ಸಸಿಗಳಲ್ಲಿ ಕೆಲವು ಬಿಳಿ ಹೂ ಬಿಟ್ಟರೆ ಸಂಶಯ ಅಲ್ಲಿಗೆ ತೀರಿತು. ಯಾರು ಬೇಕಾದರೂ ಮಾಡಿ ನೋಡಬಹುದಾದ ಪರೀಕ್ಷೆ ಇದು. ಇದಕ್ಕೆ ಮೊದಲು ಜಾತಿ ಎಂಬ ಮಾತು ಅರಿಸ್ಟಾಟಲ್‌ನ ತರ್ಕಶಾಸ್ತ್ರದಿಂದ ಬಂದದ್ದಾಗಿತ್ತು. ಅಲ್ಲಿ ಅದಕ್ಕೆ ಕುರ್ಚಿ, ತ್ರಿಕೋನ, ಕುದುರೆ ಎಲ್ಲಕ್ಕೂ ಹೊಂದುವ ಅರ್ಥವಿತ್ತು. ಜೀವಿಗಳ ಜಾತಿಗೆ ಸಂತಾನೋತ್ಪತ್ತಿಯ ಆಧಾರವನ್ನು ಕೊಟ್ಟ ಮೊದಲ ವ್ಯಾಖ್ಯೆ ರೇಯದು ಎಂದು ಜೀವಶಾಸ್ತ್ರದ ಚರಿತ್ರೆಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ.

ಜಾತಿಗಳು ದೇವರು ಸೃಷ್ಟಿಸಿದಂತೆಯೇ ಸ್ಥಿರವಾಗಿವೆ ಎಂಬುದು ರೇಯ ನಂಬಿಕೆ. ಆದರೂ ತನ್ನ ನಂಬಿಕೆಗೆ ಅಡ್ಡ ಬರುವ ವರದಿಗಳನ್ನು ಆತ ಮುಚ್ಚಿಡಲಿಲ್ಲ. ಲಂಡನ್ ಸಮೀಪದ ಬ್ರೆಂಟ್‌ಫರ್ಡಿನ ತೋಟಗಾರನೊಬ್ಬ ಹೂಕೋಸಿನ ಬೀಜವೆಂದು ಮಾರಿದ ಬೀಜವನ್ನು ಕೊಂಡು ಬಿತ್ತಿದವರಿಗೆ ಹೂಕೋಸಿನ ಬದಲು ಉದ್ದೆಲೆಯ ಸಾಧಾರಣ ಕೋಸು ಬೆಳೆಯಿತು. ಅವರು ದಾವೆ ಹೂಡಿದರು. ವೆಸ್ಟ್‌ಮಿನ್‌ಸ್ಟರಿನ ನ್ಯಾಯಾಲಯ ಬೀಜದ ಬೆಲೆಯನ್ನೂ ನಷ್ಟವನ್ನೂ ತುಂಬಿಕೊಡಬೇಕೆಂದು ತೋಟಗಾರನಿಗೆ ಆಜ್ಞೆ ಮಾಡಿತು. ರೇ ಈ ಪ್ರಸಂಗವನ್ನು ತನ್ನ ಗ್ರಂಥದಲ್ಲಿ ದಾಖಲಿಸಿ, ಬೀಜ ಕೆಲವೊಮ್ಮೆ ತಾಯಿಗಿಡದಿಂದ ಬೇರೆಯಾದದ್ದನ್ನು ಹುಟ್ಟಿಸುವುದುಂಟು, ಆದರೆ ಅಂಥ ಬದಲಾವಣೆ ಹತ್ತಿರದ ಬಂಧುಗಳ ನಡುವೆ ಮಾತ್ರ, ಅದೂ ಅಪರೂಪಕ್ಕೆ ನಡೆಯುವಂಥದು ಎಂದು ಒಪ್ಪಿಕೊಂಡ. ಹೂಕೋಸು, ಎಲೆಕೋಸು, ನವಿಲುಕೋಸು ಎಲ್ಲವೂ ಒಂದೇ ಜಾತಿಯ ತಳಿಗಳು ಎಂಬುದು ಇಂದು ನಮಗೆ ಗೊತ್ತು. ಅಕ್ಕಪಕ್ಕದಲ್ಲಿ ಹೂ ಬಿಟ್ಟರೆ ಅವು ಒಂದಕ್ಕೊಂದು ಬೆರೆಯುತ್ತವೆ. ತನ್ನ ನಿಯಮವನ್ನು ಪಟ್ಟು ಹಿಡಿದು ಅನ್ವಯಿಸಿದ್ದರೆ ರೇಯೇ ಈ ತೀರ್ಮಾನಕ್ಕೆ ಬರಬಹುದಿತ್ತು. ಕೋಸುಗಳನ್ನು ಬೇರೆ ಬೇರೆ ಜಾತಿಗಳೆಂದೇ ಇಟ್ಟುಕೊಂಡದ್ದರಿಂದ, ನಿಯಮವನ್ನು ಎತ್ತಿ ಹಿಡಿಯುತ್ತಿದ್ದ ಪುರಾವೆಯೇ ಆತನಿಗೆ ಅಪವಾದವಾಗಿ ಕಂಡಿತು.

ಎರಡನೆಯ ಪ್ರಶ್ನೆ ಗುಂಪುಗಳದು. 1674ರಲ್ಲಿಯೇ ರೇ ಬೀಜಗಳ ಕುರಿತು ಇನ್ನೊಂದು ಪ್ರಬಂಧವನ್ನು ರಾಯಲ್ ಸೊಸೈಟಿಗೆ ಒಪ್ಪಿಸಿದ್ದ. ಆ ಪ್ರಬಂಧದಲ್ಲಿ ಆತ ವಿವರಿಸಿದ್ದನ್ನು ನಮ್ಮ ಅಡುಗೆಮನೆಯಲ್ಲೇ ನೋಡಬಹುದು. ರಾತ್ರಿ ನೆನೆಹಾಕಿದ ಅವರೆಕಾಳನ್ನು ಬೆಳಿಗ್ಗೆ ಬೆರಳುಗಳ ನಡುವೆ ಹಿದುಕಿದರೆ ಸಿಪ್ಪೆ ಕಳಚಿ ಕಾಳು ಹೊರಜಾರುತ್ತದೆ. ಇನ್ನೊಂದಿಷ್ಟು ಒತ್ತಿದರೆ ಅದು ಎರಡು ಹೋಳಾಗುತ್ತದೆ. ಆ ಎರಡು ಹೋಳುಗಳ ಸಂದಿಯಲ್ಲಿ, ಒಂದು ತುದಿಗೆ ಅಂಟಿಕೊಂಡಂತೆ, ಚೂಪು ಮೂತಿಯ ಒಂದು ಪುಟ್ಟ ಕಡ್ಡಿಯೂ ಅದರ ಮೇಲೆ ಮಡಿಸಿಟ್ಟ ಎರಡು ನವುರಾದ ಎಲೆಗಳೂ ಕಾಣುತ್ತವೆ. ಮುಂದೆ ಬೇರು, ಕಾಂಡ, ಎಲೆ ಆಗುವುದು ಅದು. ಎರಡು ಹೋಳುಗಳು ಬೀಜದಳಗಳು. ಮರಿಗಿಡಕ್ಕೆ ಬೇಕಾದ ಆಹಾರ ಅವುಗಳಲ್ಲೇ ಇದೆ. ಅವರೆಯನ್ನು ಬಿತ್ತಿದರೆ ಈ ಹೋಳುಗಳು ನೆಲ ಒಡೆದು ಮೇಲೆ ಬರುತ್ತವೆ. ಕಡಲೆಯಲ್ಲಿ ಮಣ್ಣಿನೊಳಗೇ ಉಳಿಯುತ್ತವೆ. ಹೇಗಿದ್ದರೂ ಅವು ಎರಡೇ.

ಜೋಳದ ಕಾಳನ್ನು ಹೀಗೆ ಹೋಳು ಮಾಡಲಾಗದು. ನೆನೆದ ಕಾಳನ್ನು ಸೀಳಿ ನೋಡಿದರೆ ಹೆಚ್ಚಿನ ಭಾಗ ಹಿಟ್ಟು; ಮೂಲೆಯಲ್ಲಿ ಮೊಳಕೆ, ಅದಕ್ಕೆ ಒತ್ತಿಕೊಂಡು ಒಂದೇ ಬೀಜದಳ. ಹಿಟ್ಟಿನ ಸತ್ವವನ್ನು ಹೀರಿ ಮರಿಗಿಡಕ್ಕೆ ಒದಗಿಸುವುದು ಆ ದಳದ ಕೆಲಸ; ಅದು ಹೊರಗೆ ಬರುವುದೇ ಇಲ್ಲ. ಮೊದಲು ನೆಲದಿಂದ ಹೊರಡುವುದು ಸೂಜಿಯಂತೆ ಸುರುಳಿ ಸುತ್ತಿದ ಒಂಟಿ ಎಲೆ. ಬೀಜದ ಅಂಗರಚನೆಯನ್ನು ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ ಮತ್ತು ಇಂಗ್ಲೆಂಡಿನ ನಿಹೆಮಾಯಾ ಗ್ರ್ಯೂ ಅದೇ ವರ್ಷಗಳಲ್ಲಿ ಸೂಕ್ಷ್ಮದರ್ಶಕದಿಂದ ನೋಡಿ ವಿವರಿಸುತ್ತಿದ್ದರು, ರೇ ಅವರ ಕೆಲಸವನ್ನು ಗೌರವದಿಂದ ಬಳಸಿಕೊಂಡಿದ್ದಾನೆ. ಆದರೆ ಬೀಜದೊಳಗಿನ ಈ ಭೇದ ಗಿಡದ ಉಳಿದ ಭಾಗಗಳಲ್ಲಿಯೂ ಬೆನ್ನುಹತ್ತಿ ಬರುತ್ತದೆ ಎಂಬುದನ್ನು ಕಂಡು, ಅದನ್ನು ವರ್ಗೀಕರಣಕ್ಕೆ ತಂದದ್ದು ರೇಯ ಸ್ವಂತ ಕೊಡುಗೆ. ಒಂದು ಬೀಜದಳದ ಗಿಡಗಳಲ್ಲಿ ಎಲೆಯ ನರಗಳು ಸಾಮಾನ್ಯವಾಗಿ ಸಾಲುಸಾಲಾಗಿ ಸಾಗುತ್ತವೆ, ಎರಡು ಬೀಜದಳದವುಗಳಲ್ಲಿ ಬಲೆಯಂತೆ ಹರಡುತ್ತವೆ. ಹೂವಿನ ಭಾಗಗಳು ಮೊದಲನೆಯವುಗಳಲ್ಲಿ ಹೆಚ್ಚಾಗಿ ಮೂರರ ಲೆಕ್ಕದಲ್ಲಿರುತ್ತವೆ, ಎರಡನೆಯವುಗಳಲ್ಲಿ ನಾಲ್ಕು ಅಥವಾ ಐದರ ಲೆಕ್ಕದಲ್ಲಿ. ಒಂದು ಲಕ್ಷಣ ಹೇಳುವುದನ್ನು ಇನ್ನೊಂದು ಲಕ್ಷಣವೂ ಹೇಳಿದಾಗ ಅದು ನಿಜವಾದ ಬಂಧುತ್ವದ ಸೂಚನೆಯಾಗಿರುವ ಸಂಭವ ಹೆಚ್ಚು.

ಈ ಭೇದವನ್ನು ಆಧರಿಸಿದ ಹೊಸ ವರ್ಗೀಕರಣ ಪದ್ಧತಿಯನ್ನು ರೇ 1682ರಲ್ಲಿ ಪ್ರಕಟಿಸಿದ. ತಿದ್ದಿ ಬೆಳೆಸಿದ ಆವೃತ್ತಿಯನ್ನು 1703ರಲ್ಲಿ. ಎರಡರಲ್ಲಿಯೂ ಮರ ಮತ್ತು ಮೂಲಿಕೆ ಎಂಬ ಥಿಯೊಫ್ರಾಸ್ಟಸ್‌ನ ಹಳೆಯ ಗೆರೆಯನ್ನು ಮಾತ್ರ ಆತ ಅಳಿಸಲಿಲ್ಲ. ಮರಗಳಿಗೆ ಮೊಗ್ಗುಗಳಿವೆ, ಮೂಲಿಕೆಗಳಿಗಿಲ್ಲ ಎಂಬುದು ಆತನ ಸಮರ್ಥನೆ. ಲೈಪ್‌ಸಿಗ್‌ನ ರಿವಿನಸ್ 1690ರಲ್ಲಿಯೇ ಈ ಗೆರೆಗೆ ಅರ್ಥವಿಲ್ಲವೆಂದು ಅದನ್ನು ಕೈಬಿಟ್ಟಿದ್ದ, ಆ ವಿಷಯದಲ್ಲಿ ರಿವಿನಸ್‌ನದೇ ಸರಿ. ಕಾಯಿ ಒಂದೇ ಬಗೆಯದಾದರೂ ಅವರೆಯಂಥ ಬಳ್ಳಿ ಒಂದು ಕಡೆ, ಹುಣಸೆಯಂಥ ಮರ ಇನ್ನೊಂದು ಕಡೆ ಹೋಗುವ ಫಜೀತಿಗೆ ರೇಯ ಪದ್ಧತಿಯಲ್ಲಿ ಪರಿಹಾರವಿರಲಿಲ್ಲ. ಆದರೆ ಆ ಗೆರೆಯ ಒಳಗೂ ಬೀಜದಳದ ಭೇದವನ್ನು ಆತ ಬಿಡಲಿಲ್ಲ. 1703ರ ಪದ್ಧತಿಯಲ್ಲಿ ಮೂಲಿಕೆಗಳಂತೆ ಮರಗಳನ್ನೂ ಒಂದು ಬೀಜದಳದವು, ಎರಡು ಬೀಜದಳದವು ಎಂದು ಒಡೆದು, ತೆಂಗು, ಅಡಿಕೆ, ತಾಳೆಗಳಂಥ ಮರಗಳನ್ನು ಮೊದಲನೆಯದರಲ್ಲಿ ಇಟ್ಟ. ಇಂಗ್ಲೆಂಡಿನ ಹಳ್ಳಿಯಲ್ಲಿ ಕೂತವನಿಗೆ ತಾಳೆಯ ಜಾತಿಯ ಮರಗಳ ಬಗ್ಗೆ ಇಷ್ಟು ವಿವರ ಎಲ್ಲಿಂದ ಸಿಕ್ಕಿತು?

ಅದಕ್ಕೆ ಉತ್ತರ ನಮ್ಮ ಕರಾವಳಿಗೆ ಕರೆದೊಯ್ಯುತ್ತದೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಸಸ್ಯಗಳನ್ನು ಕುರಿತ 12 ಸಂಪುಟಗಳ ಗ್ರಂಥವನ್ನು ಸಿದ್ಧಪಡಿಸಿದ. ಅದು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಮಾತಾಡುವ ವೈದ್ಯರಾದ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಅವರು ಹೇಳಿಕೊಟ್ಟ ತಿಳಿವಳಿಕೆಯ ಮೇಲೆ ನಿಂತ ಕೃತಿ ಅದು. ಅದರ ಮೊದಲ ಸಂಪುಟದಲ್ಲಿಯೇ ತೆಂಗು, ಅಡಿಕೆ, ತಾಳೆ, ಬೈನೆಗಳ ದೊಡ್ಡ ಚಿತ್ರಗಳೂ ವಿವರಣೆಗಳೂ ಇವೆ. ಆಗಷ್ಟೇ ಒಂದೊಂದಾಗಿ ಹೊರಬರುತ್ತಿದ್ದ ಆ ಸಂಪುಟಗಳನ್ನು ರೇ ತನ್ನ ಸಸ್ಯಚರಿತ್ರೆಗೆ ಧಾರಾಳವಾಗಿ ಬಳಸಿಕೊಂಡ. ಪಶ್ಚಿಮ ಕರಾವಳಿಯ ವೈದ್ಯರ ನೆನಪಿನಲ್ಲಿದ್ದ ಗಿಡಗಳು ಹೀಗೆ ಯುರೋಪಿನ ವರ್ಗೀಕರಣದ ಚರ್ಚೆಯೊಳಗೆ ಬಂದವು. ಫಿಲಿಪೀನ್ಸ್‌ನಲ್ಲಿದ್ದ ಕ್ರೈಸ್ತ ಧರ್ಮಪ್ರಚಾರಕ ಜಾರ್ಜ್ ಜೋಸೆಫ್ ಕಾಮೆಲ್ ಲುಜಾನ್ ದ್ವೀಪದ ಸಸ್ಯಗಳ ಬಗ್ಗೆ ಬರೆದು ಕಳುಹಿಸಿದ್ದು 1704ರಲ್ಲಿ ಪ್ರಕಟವಾದ ಮೂರನೆಯ ಸಂಪುಟದ ಅನುಬಂಧವಾಯಿತು. 1686, 1688 ಮತ್ತು 1704ರಲ್ಲಿ ಬಂದ ಮೂರು ಸಂಪುಟಗಳಲ್ಲಿ ಒಟ್ಟು ಸುಮಾರು 18,000 ಸಸ್ಯಗಳ ಪ್ರಸ್ತಾಪವಿದೆ. ಬೋಹಿನ್‌ನ ಪಟ್ಟಿಯ ಮೂರರಷ್ಟು.

ಇಷ್ಟು ದೊಡ್ಡ ಗ್ರಂಥದಲ್ಲಿ ಒಂದೂ ಚಿತ್ರವಿಲ್ಲ. ಚಿತ್ರ ಕೊರೆಸಲು ಹಣ ಒದಗಲಿಲ್ಲ. ಇದು ಓದುಗರಿಗೆ ನಷ್ಟವೇ ಆದರೂ, ಚಿತ್ರದ ಆಸರೆಯಿಲ್ಲದ ಕಾರಣ ಮಾತಿನಲ್ಲೇ ಗಿಡವನ್ನು ಕಟ್ಟಿಕೊಡುವ ಹೊಣೆ ರೇಯ ಮೇಲೆ ಬಿತ್ತು. ಹ್ಯಾಂಬರ್ಗಿನ ಯೋಕಿಮ್ ಯುಂಗ್ ಸಸ್ಯದ ಅಂಗಗಳಿಗೆ ಖಚಿತ ಅರ್ಥದ ಪದಗಳನ್ನು ರೂಪಿಸಿ ಬರೆದಿಟ್ಟಿದ್ದ ಟಿಪ್ಪಣಿಗಳ ಹಸ್ತಪ್ರತಿಯೊಂದು ರೇಯ ಕೈಗೆ ಬಂದಿತ್ತು. ಅವನ್ನು ಆತ ಯುಂಗ್‌ನ ಹೆಸರು ಹೇಳಿಯೇ ಬಳಸಿಕೊಂಡು ಎಲ್ಲರಿಗೂ ತಲುಪಿಸಿದ. ಹೂವಿನ ಬಣ್ಣದ ಎಸಳುಗಳನ್ನು ಸಾಮಾನ್ಯ ಎಲೆಯಿಂದ ಬೇರ್ಪಡಿಸಿ ಹೇಳಲು ಇಟಲಿಯ ಫಾಬಿಯೊ ಕೊಲೊನ್ನ ಸೂಚಿಸಿದ್ದ ಪೆಟಲ್ ಎಂಬ ಪದ ಸಸ್ಯಶಾಸ್ತ್ರದಲ್ಲಿ ನೆಲೆಯೂರಿದ್ದರಲ್ಲಿಯೂ ರೇಯ ಪಾಲಿದೆ.

ರೇಯ ಕಾಲದ ದೊಡ್ಡ ವಿವಾದ ಯಾವ ಅಂಗವನ್ನು ಆಧಾರವಾಗಿ ಇಟ್ಟುಕೊಳ್ಳಬೇಕು ಎಂಬುದಾಗಿತ್ತು. ಮಾರಿಸನ್‌ಗೆ ಹಣ್ಣು ಮುಖ್ಯ, ರಿವಿನಸ್‌ಗೆ ಹೂವಿನ ಎಸಳುಗಳು. ಪ್ಯಾರಿಸ್ಸಿನ ರಾಜೋದ್ಯಾನದ ಜೋಸೆಫ್ ಟೂರ್ನ್‌ಫೋರ್ 1694ರಲ್ಲಿ ಹೂವಿನ ಆಕಾರವನ್ನು ಆಧರಿಸಿ ಅಚ್ಚುಕಟ್ಟಾದ ಪದ್ಧತಿಯೊಂದನ್ನು ಕೊಟ್ಟು, ರೇಯ ವಿಧಾನ ಗೊಂದಲದ್ದೆಂದು ಟೀಕಿಸಿದ. ಹತ್ತಿರದ ಜಾತಿಗಳನ್ನು ಒಟ್ಟುಗೂಡಿಸುವ ಕುಲ ಎಂಬ ಹಂತಕ್ಕೆ ಸ್ಪಷ್ಟ ರೂಪ ಕೊಟ್ಟ ಹಿರಿಮೆ ಟೂರ್ನ್‌ಫೋರ್‌ನದು, ಅದನ್ನು ಮರೆಯಬಾರದು. ಈ ಮೂವರಲ್ಲಿ ಒಂದು ಸಮಾನ ನಂಬಿಕೆಯಿತ್ತು: ಸಸ್ಯದ ಸಾರ ಯಾವುದೋ ಒಂದು ಅಂಗದಲ್ಲಿ ನೆಲೆಸಿದೆ, ಆ ಅಂಗವನ್ನು ಹಿಡಿದರೆ ಉಳಿದದ್ದು ತಾನಾಗಿ ಬರುತ್ತದೆ.

1696ರಲ್ಲಿ ಬರೆದ ಕಿರು ಪ್ರಬಂಧದಲ್ಲಿ ರೇ ಕೊಟ್ಟ ಉತ್ತರವೇ ಆತನ ಅತ್ಯಂತ ಆಳವಾದ ಚಿಂತನೆ ಎಂದು ನನ್ನ ಅಭಿಪ್ರಾಯ. ವಸ್ತುಗಳ ಸಾರ ಮನುಷ್ಯನಿಗೆ ಗೋಚರಿಸುವುದಿಲ್ಲ, ನಮಗೆ ಸಿಗುವುದು ಅವುಗಳ ಗುಣಲಕ್ಷಣಗಳಷ್ಟೇ, ಆದ್ದರಿಂದ ಯಾವ ಲಕ್ಷಣ ಸಾರಭೂತ, ಯಾವುದು ಗೌಣ ಎಂದು ಮುಂಚಿತವಾಗಿ ತೀರ್ಮಾನಿಸುವ ಅಧಿಕಾರ ನಮಗಿಲ್ಲ ಎಂಬುದು ಆತನ ವಾದದ ತಿರುಳು. ಸಾರ ಒಂದೇ ಆಗಿರುವ ಗಿಡಗಳಲ್ಲಿ ಹಲವು ಲಕ್ಷಣಗಳು ಒಂದೇ ಆಗಿರಬೇಕು. ಹಾಗಾಗಿ ಬೀಜ, ಹಣ್ಣು, ಹೂವು, ಎಲೆ, ಬೇರು ಹೀಗೆ ಹಲವು ಭಾಗಗಳಲ್ಲಿ ಹೋಲುವ ಗಿಡಗಳನ್ನು ಒಟ್ಟಿಗೆ ಇಡುವುದೇ ಕ್ಷೇಮ. ವರ್ಗೀಕರಣಕಾರ ಪಾಲಿಸಬೇಕಾದ ಕೆಲವು ನಿಯಮಗಳನ್ನೂ ಆತ ಹಾಕಿಕೊಟ್ಟ. ಹೆಸರುಗಳನ್ನು ವಿನಾಕಾರಣ ಬದಲಿಸಬಾರದು. ದೊಡ್ಡದು, ಚಿಕ್ಕದು ಎಂಬಂಥ ಹೋಲಿಕೆಯನ್ನು ಅವಲಂಬಿಸಿದ ಲಕ್ಷಣಗಳನ್ನು ಆಧಾರವಾಗಿಸಬಾರದು. ಗುರುತು ಯಾರ ಕಣ್ಣಿಗಾದರೂ ಕಾಣುವಂತಿರಬೇಕು. ಸ್ಪಷ್ಟವಾಗಿ ಬಂಧುಗಳಾದ ಗಿಡಗಳನ್ನು ಪದ್ಧತಿಯ ಹಟಕ್ಕೆ ಬಿದ್ದು ಬೇರ್ಪಡಿಸಬಾರದು. ವಿಲ್ಕಿನ್ಸ್‌ನ ಕೋಷ್ಟಕದಲ್ಲಿ ಸಿಕ್ಕಿ ನರಳಿದವನೇ ಈ ಕೊನೆಯ ನಿಯಮವನ್ನು ಬರೆಯಬಲ್ಲ.

ಈ ವಿಧಾನಕ್ಕೆ ಒಂದು ಕೊರತೆಯಿತ್ತು: ಅದು ಸುಲಭವಲ್ಲ. ಕೈಗೆ ಸಿಕ್ಕ ಅಪರಿಚಿತ ಗಿಡ ಯಾವುದೆಂದು ತಿಳಿಯಬೇಕಾದವನಿಗೆ ಎಲ್ಲ ಲಕ್ಷಣಗಳನ್ನೂ ತೂಗಿ ನೋಡುವ ವ್ಯವಧಾನ ಎಲ್ಲಿಂದ ಬರಬೇಕು? 1735ರಲ್ಲಿ ಲಿನೇಯಸ್ ಮುಂದಿಟ್ಟ ಪದ್ಧತಿ ಗೆದ್ದದ್ದು ಅಲ್ಲಿ. ಹೂವಿನ ಗಂಡು ಭಾಗಗಳಾದ ಕೇಸರಗಳನ್ನು ಎಣಿಸು, ವರ್ಗ ಗೊತ್ತಾಗುತ್ತದೆ. ಹೆಣ್ಣು ಭಾಗದ ಕಡ್ಡಿಗಳಾದ ಶಲಾಕೆಗಳನ್ನು ಎಣಿಸು, ಉಪವರ್ಗ ಗೊತ್ತಾಗುತ್ತದೆ. ಒಟ್ಟು 24 ವರ್ಗಗಳು. 1753ರಲ್ಲಿ ಪ್ರತಿ ಸಸ್ಯಕ್ಕೂ ಎರಡೇ ಪದಗಳ ಹೆಸರನ್ನು ಕೊಟ್ಟು, ಸಾಲುದ್ದದ ಹಳೆಯ ಹೆಸರುಗಳ ಕಾಟದಿಂದ ಲಿನೇಯಸ್ ಎಲ್ಲರನ್ನೂ ಬಿಡಿಸಿದ. ರೇ ಬಳಸುತ್ತಿದ್ದದ್ದು ಹಳೆಯ ಕಾಲದ ಉದ್ದನೆಯ ಹೆಸರುಗಳನ್ನೇ; ಈ ಸುಧಾರಣೆಯಲ್ಲಿ ಆತನ ಪಾಲೇನೂ ಇಲ್ಲ.

ಕೇಸರಗಳ ಎಣಿಕೆಗೆ ತೆತ್ತ ಬೆಲೆಯನ್ನು ನಮ್ಮ ಹೊಲದ ಬೆಳೆಗಳಲ್ಲೇ ಕಾಣಬಹುದು. ಗೋಧಿಯ ಹೂವಿನಲ್ಲಿ ಮೂರು ಕೇಸರ, ಆದ್ದರಿಂದ ಅದು ಮೂರು ಕೇಸರದ ವರ್ಗಕ್ಕೆ. ಭತ್ತದ ಹೂವಿನಲ್ಲಿ ಆರು, ಹಾಗಾಗಿ ಅದು ಲಿಲ್ಲಿಯ ಜೊತೆಗೆ ಆರು ಕೇಸರದ ವರ್ಗಕ್ಕೆ. ಮುಸುಕಿನ ಜೋಳದಲ್ಲಿ ಗಂಡು ಹೂ, ಹೆಣ್ಣು ಹೂ ಒಂದೇ ಗಿಡದ ಬೇರೆ ಬೇರೆ ಕಡೆ ಇರುವುದರಿಂದ ಅದಕ್ಕೆ ಇನ್ನೊಂದು ವರ್ಗ. ಬಿಳಿಜೋಳದಲ್ಲಿ ದ್ವಿಲಿಂಗಿ ಹೂಗಳ ಜೊತೆ ಏಕಲಿಂಗಿ ಹೂಗಳೂ ಸೇರಿರುವುದರಿಂದ ಮತ್ತೊಂದು. ಯಾವ ರೈತನೂ ಬೇರೆ ಮಾಡದ ನಾಲ್ಕು ಹುಲ್ಲುಗಳು ನಾಲ್ಕು ದಿಕ್ಕಿಗೆ ಚದುರಿದವು. ರೇಯ ಪದ್ಧತಿಯಲ್ಲಿ ತೆನೆ ಬಿಡುವ ಹುಲ್ಲುಗಳೆಲ್ಲ ಒಂದೇ ಗುಂಪಿನಲ್ಲಿ ಒಟ್ಟಿಗೇ ಇದ್ದವು. ತನ್ನದು ಗುರುತಿಸುವ ಅನುಕೂಲಕ್ಕೆ ಮಾಡಿಕೊಂಡ ಕೃತಕ ಪದ್ಧತಿ, ಸಹಜ ಬಂಧುತ್ವವನ್ನು ತೋರುವ ಪದ್ಧತಿ ಇನ್ನು ಮುಂದೆ ಬರಬೇಕು ಎಂದು ಲಿನೇಯಸ್‌ನೇ ಒಪ್ಪಿಕೊಂಡಿದ್ದ ಎಂಬುದನ್ನೂ ಹೇಳಬೇಕು.

ಆ ಸಹಜ ಪದ್ಧತಿ ಬಂದದ್ದು ಪ್ಯಾರಿಸ್ಸಿನಿಂದ, 1789ರಲ್ಲಿ, ಫ್ರಾನ್ಸಿನ ಕ್ರಾಂತಿಯ ವರ್ಷ. ಆಂಟುವಾನ್ ಲೊರಾಂ ದ ಜ್ಯೂಸ್ಯೂ ಸಸ್ಯಕುಲಗಳನ್ನು 100 ಕುಟುಂಬಗಳಾಗಿ ಜೋಡಿಸಿ, ಅವುಗಳ ಮೇಲಿನ ವಿಭಾಗವನ್ನು ಬೀಜದಳವಿಲ್ಲದವು, ಒಂದು ಬೀಜದಳದವು, ಎರಡು ಬೀಜದಳದವು ಎಂದು ಮಾಡಿದ. ಒಂದೇ ಲಕ್ಷಣಕ್ಕೆ ಜೋತುಬೀಳದೆ ಹಲವನ್ನು ತೂಗಿ ನೋಡುವ ರೇಯ ವಿಧಾನವೂ ಅದರೊಂದಿಗೆ ಮರಳಿ ಬಂತು. ಒಂದು ವ್ಯತ್ಯಾಸವಿತ್ತು: ಎಲ್ಲ ಲಕ್ಷಣಗಳ ತೂಕ ಸಮನಲ್ಲ, ಕೆಲವು ಇಡೀ ಗುಂಪಿನುದ್ದಕ್ಕೂ ಬದಲಾಗದೆ ನಿಲ್ಲುತ್ತವೆ, ಅವುಗಳಿಗೆ ಹೆಚ್ಚು ಬೆಲೆ ಕೊಡಬೇಕು ಎಂಬುದು ಜ್ಯೂಸ್ಯೂ ಸೇರಿಸಿದ ತತ್ವ. ಅಲ್ಲಿಂದ ಮುಂದೆ ಸ್ವಿಟ್ಜರ್ಲೆಂಡಿನ ಸಸ್ಯಶಾಸ್ತ್ರಜ್ಞ ಕಾಂಡೋಲ್, ಬಳಿಕ 1862 ಮತ್ತು 1883ರ ನಡುವೆ ಇಂಗ್ಲೆಂಡಿನ ಬೆಂಥಮ್ ಮತ್ತು ಹೂಕರ್ ಅದೇ ಜಾಡಿನಲ್ಲಿ ನಡೆದರು. ನಮ್ಮ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಓದಿದವರು ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಬೆಂಥಮ್-ಹೂಕರ್ ಪದ್ಧತಿಯ ಎರಡು ಮುಖ್ಯ ವಿಭಾಗಗಳು ರೇಯ ಬೀಜದಳದ ಭೇದವೇ.

ಸ್ವದೇಶದಲ್ಲಿ ರೇಯ ಪ್ರಭಾವ ಇನ್ನೂ ನೇರವಾದದ್ದು. ಬ್ರಿಟನ್ನಿನ ಸಸ್ಯಗಳನ್ನು ಅಕ್ಷರಮಾಲೆಯ ಬದಲು ತನ್ನ ಪದ್ಧತಿಯಂತೆ ಜೋಡಿಸಿ 1690ರಲ್ಲಿ ಆತ ಹೊರತಂದ ಕೈಪಿಡಿಯನ್ನು 1724ರಲ್ಲಿ ಡಿಲ್ಲೇನಿಯಸ್ ಪರಿಷ್ಕರಿಸಿದ. ಗಿಡ ಹುಡುಕಿ ಹೊರಡುವವರು 18ನೆಯ ಶತಮಾನದ ನಡುಭಾಗದವರೆಗೂ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದದ್ದು ಅದನ್ನೇ. ರೇ ಮಾತ್ರ ಕೊನೆಯ ವರ್ಷಗಳಲ್ಲಿ ಕಾಲಿನ ವಾಸಿಯಾಗದ ಹುಣ್ಣುಗಳಿಂದ ಮನೆಯಿಂದ ಆಚೆ ಹೋಗಲಾರದೆ ಹುಟ್ಟೂರಿನಲ್ಲಿಯೇ ಉಳಿದ. ಗೆಳೆಯರು ಕಳುಹಿಸಿದ ಒಣ ಮಾದರಿಗಳನ್ನು ನೋಡುತ್ತಾ ಮೂರನೆಯ ಸಂಪುಟವನ್ನು ಮುಗಿಸಿ 1705ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡ.

ಬೀಜದಳದ ಭೇದ ಈಗ ಎಷ್ಟರಮಟ್ಟಿಗೆ ಉಳಿದಿದೆ? 1998ರಲ್ಲಿ ಸಸ್ಯವಿಜ್ಞಾನಿಗಳ ಒಂದು ಅಂತರರಾಷ್ಟ್ರೀಯ ತಂಡ ಡಿಎನ್ಎ ಆಧಾರದ ಹೊಸ ವರ್ಗೀಕರಣವನ್ನು ಪ್ರಕಟಿಸಿತು. ನಂತರ ಅದು ಹಲವು ಸಲ ಪರಿಷ್ಕಾರಗೊಂಡಿದೆ. ಏಕದಳ ಸಸ್ಯಗಳು ಒಂದೇ ಪೂರ್ವಜನಿಂದ ಬಂದ ನಿಜವಾದ ಗುಂಪು ಎಂಬುದನ್ನು ಅದು ಎತ್ತಿ ಹಿಡಿಯಿತು. ರಾಗಿ, ಬಾಳೆ, ಅಡಿಕೆ, ಶುಂಠಿ ಒಂದೇ ಬಳಗದವು ಎಂಬ ರೇಯ ಕಾಣ್ಕೆ ಮೂರು ಶತಮಾನಗಳ ನಂತರವೂ ನಿಂತಿದೆ. ದ್ವಿದಳ ಗುಂಪು ಹಾಗೆ ಉಳಿಯಲಿಲ್ಲ. ಎರಡು ಬೀಜದಳಗಳಿರುವುದು ಹೂ ಬಿಡುವ ಸಸ್ಯಗಳ ಹಳೆಯ ಸ್ಥಿತಿ. ಅದನ್ನು ಉಳಿಸಿಕೊಂಡ ಮಾತ್ರಕ್ಕೆ ಅವೆಲ್ಲ ಪರಸ್ಪರ ಹತ್ತಿರದ ಬಂಧುಗಳಾಗುವುದಿಲ್ಲ. ನೈದಿಲೆ ತೀರ ಮೊದಲೇ ಕವಲೊಡೆದದ್ದು. ಕರಿಮೆಣಸು, ವೀಳ್ಯದೆಲೆ, ಸಂಪಿಗೆ, ಸೀತಾಫಲ, ದಾಲ್ಚಿನ್ನಿ, ಜಾಯಿಕಾಯಿ ಇನ್ನೊಂದು ಪ್ರತ್ಯೇಕ ಕವಲು. ಅವರೆ, ಮಾವು, ಹತ್ತಿ, ಬದನೆ, ತಾವರೆ ಮುಂತಾದ ಉಳಿದ ಬಹುಪಾಲು ದ್ವಿದಳಗಳು ಸೇರಿ ಒಂದು ದೊಡ್ಡ ಸಹಜ ಗುಂಪಾಗುತ್ತವೆ. ಆ ಗುಂಪನ್ನು ಗುರುತಿಸುವ ಲಕ್ಷಣ ಬೀಜದಲ್ಲಿಲ್ಲ, ಪರಾಗದಲ್ಲಿದೆ. ಅವುಗಳ ಪರಾಗಕಣದ ಮೇಲೆ ಮೂಲತಃ ಮೂರು ಸೀಳುಗಳಿರುತ್ತವೆ. ಏಕದಳಗಳಲ್ಲಿಯೂ ಸಂಪಿಗೆಯಂಥ ಸಸ್ಯಗಳಲ್ಲಿಯೂ ಸಾಮಾನ್ಯವಾಗಿ ಒಂದೇ.